ಹೊಳಿ ದಾಟೋದು: ಪ್ಲೇಗಿನ ಕಾಲದ ಹರಗೋಲು, ಕೊರೊನಾ ಕಾಲದ ಲಾಂಚು

ನಮ್ಮ ಕಡೆ ಹೆಣ್ಣಮಕ್ಕಳು ಮೋಜಿಗಂತ ದೋಣಿ ಹತ್ತೋದು ಇತ್ತಿತ್ಲಾಗಿನ ಮಾತು. ಹಿಂದಕ ಹರಗೋಲು ಹತ್ತಿದ್ಲು ಅಂದ್ರ ತವರಿಗೆ ಹೊಂಟಾಳ ಅಂತನ ಅರ್ಥ. ಪಂಚಮಿ ಬರೋದು ಶ್ರಾವಣದಾಗ, ವರದಾ ಹೊಳಿ ತುಂಬೋದೂ ಆಗನ. ಅಣ್ಣ ಕರ್ಕೊಂಡು ಹೋಗಾಕ ಬಂದು ಆಚಿ ದಂಡಿಗೆ ನಿಂತಿರಾಂವ, ತಂಗಿ ಈಚಿ ದಂಡಿಗೆ ಬುತ್ತಿ ಗಂಟು ಹಿಡ್ಕೊಂಡು ಕುಂತಿರಾಕಿ, ನಡುವ ಕೆಂಪನ್ನ ನೀರು. ಅಂಬಿಗ "ಇವತ್ತ ಆಗೂದಿಲ್ಲವ್ವ, ಸೆಳವು ಭಾಳ ಐತಿ" ಅಂದ್ರ ಮುಗೀತು, ತಿರುಗಿ ಗಂಡನ ಮನಿಗೆ. ನಮ್ಮ ಮುತ್ತವ್ವ ಒಂದ್ ವರ್ಷ ಹಿಂಗ ಮೂರು ಸಲ ದಂಡಿ ತನಕ ಹೋಗಿ ಬಂದಿದ್ಲಂತ. ನಾಕನೇ ಸಲ ದಾಟಿದಾಗ ಪಂಚಮಿ ಮುಗದು ಉಂಡಿ ಎಲ್ಲಾ ಖಾಲಿ!

ಹರಗೋಲು ನೋಡದ ಹುಡುಗೂರಿಗೆ ಹೇಳ್ತೀನಿ. ಬಿದಿರಿನ ದೊಡ್ಡ ಬುಟ್ಟಿ ಹೆಣದು ಹೊರಗ ತೊಗಲು ಬಿಗದಿರ್ತಿದ್ರು. ಈಗ ತೊಗಲಿನ ಬದಲಿ ಪ್ಲಾಸ್ಟಿಕ್ ಹಾಳಿ, ಡಾಂಬರು. ವಿಜಯನಗರಕ್ಕ 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ ವ್ಯಾಪಾರಿ ಡೊಮಿಂಗೊ ಪಾಯಸ್ ಆನೆಗೊಂದಿ ಹತ್ರ ಇವನ್ನ ನೋಡಿ ಬರದಿಟ್ಟಾನ: ಬುಟ್ಟಿಯಂಗ ದುಂಡಗ ಅದಾವು, ಹದಿನೈದಿಪ್ಪತ್ತು ಮಂದಿ ಹಿಡಿತಾರ, ಹೊಳಿ ದಾಟೋ ತನಕ ಗರಗರ ತಿರುಗಕೋತನ ಹೋಗ್ತಾವು ಅಂತ. ಐನೂರು ವರ್ಷ ಆದ್ರೂ ಆ ತಿರುಗೋದು ಹಂಗ ಐತಿ, ಹಂಪಿಗೆ ಹೋಗಿ ಹತ್ತಿ ನೋಡ್ರಿ, ತಲಿ ತಿರುಗ್ತದ. ನಮ್ಮ ಹಾವೇರಿ ಜಿಲ್ಲಾಕ್ಕಂತೂ ಅಂಬಿಗರು ಹೊರಗಿನವರಲ್ಲ. ಹನ್ನೆರಡನೇ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಹೆಸರು ಹೊತ್ತ ಚೌಡದಾನಪುರ ತುಂಗಭದ್ರಾ ದಂಡಿ ಮ್ಯಾಲನ ಐತಿ.

ಕೆರಿ ಕಥಿ ಬ್ಯಾರೆ. ಹಾನಗಲ್ಲಿನ ಆನಿಕೆರಿ ದಂಡಿ ಮ್ಯಾಲೆ ನಾವು ಸಂಜಿಗೆ ಗಾಳಿಗೆ ಕೂಡ್ತೀವಲ್ಲ, 1196ರಾಗ ಹೊಯ್ಸಳರ ವೀರಬಲ್ಲಾಳ ಅಲ್ಲೇ ದಂಡು ಬಿಟ್ಟು ಹಾನಗಲ್ಲಿಗೆ ಮುತ್ತಿಗಿ ಹಾಕಿದ್ದ. ಕದಂಬರ ಮಂದಿ ಆ ಸಲ ಅವನ್ನ ಹಿಂದಕ ಕಳಿಸಿದ್ರು. ಇಷ್ಟು ಕಥಿ ಇದ್ದ ಕೆರಿಯೊಳಗ ನಾ ಸಣ್ಣಾಕಿದ್ದಾಗ ಒಂದು ದೋಣಿ ಕಂಡ ನೆನಪಿಲ್ಲ, ಎಮ್ಮಿ ಮೈ ತೊಳಿಯೋದ ಕಂಡೇನಿ. ನಮ್ಮ ನೀರಿನ ಮೋಜು ಅಂದ್ರ ಸಂಕ್ರಮಣದ್ದು: ಎಳ್ಳು ಹಚ್ಕೊಂಡು ವರದಾ-ಧರ್ಮಾ ಕೂಡೋ ಕೂಡಲಕ್ಕ ಹೋಗಿ ಮುಣುಗಿ ಏಳೋದು, ಆಮ್ಯಾಲೆ ದಂಡಿ ಮ್ಯಾಲೆ ಸಾಲಾಗಿ ಕುಂತು ಸಜ್ಜಿರೊಟ್ಟಿ, ಎಣಗಾಯಿ, ಮಾದಲಿ. ಅದಕ್ಕ ಯಾರ ಪರವಾನಗಿನೂ ಬೇಕಾಗ್ತಿರಲಿಲ್ಲ, ಅತ್ತಿದೊಂದು ಬಿಟ್ಟು.

ಹೊಳಿ ದಾಟಾಕ ಸರಕಾರದ ಪರವಾನಗಿ ಬೇಕು ಅನ್ನೋ ಮಾತು ನಮ್ಮ ಮನಿಗಳಿಗೆ ಮೊದಲ ಬಂದಿದ್ದು ಪ್ಲೇಗಿನ ಜೋಡಿ. 1896ರಾಗ ಮುಂಬೈಗೆ ಬಂದ ಬ್ಯಾನಿ ರೈಲು ಹಿಡಕೊಂಡು ಊರೂರಿಗೆ ಹಬ್ಬಿತು. 1897ರ ಫೆಬ್ರುವರಿಗೆ ಇಂಗ್ರೇಜಿ ಸರಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂತು. ಭಾಳ ಸಣ್ಣ ಕಾಯ್ದೆ, ಆದ್ರ ರೈಲಿನ್ಯಾಗ ಇಲ್ಲಾ ಬ್ಯಾರೆ ದಾರಿಲೆ ಬರೋರನ್ನ ತಡದು ತಪಾಸಣಿ ಮಾಡಾಕ, ಸಂಶಯ ಬಂದ್ರ ಬ್ಯಾರೆ ಇಡಾಕ ಸರಕಾರಕ್ಕ ಹಕ್ಕು ಕೊಡ್ತು. ಪುಣೇದಾಗ ಸೋಲ್ಜರರು ಮನಿ ಹೊಕ್ಕು ಹೆಂಗಸರನ್ನ ತಪಾಸ ಮಾಡಿದ್ದಕ್ಕ ಮಂದಿ ಸಿಟ್ಟು ನೆತ್ತಿಗೇರಿ, ಅದ ವರ್ಷ ಜೂನ್ 22ಕ್ಕ ಪ್ಲೇಗ್ ಅಧಿಕಾರಿ ರ‍್ಯಾಂಡ್‌ಗ ಗುಂಡು ಹೊಡದ್ರು. ಮದ್ರಾಸ್ ಪ್ರಾಂತ್ಯದಾಗ ಬ್ಯಾನಿ ಊರಿಂದ ಬಂದವರಿಗೆ ಪ್ಲೇಗ್ ಪಾಸ್‌ಪೋರ್ಟ್ ಕೊಟ್ಟು, ಹೋದ ಊರಾಗ ಹತ್ತು ದಿನ ಹಾಜರಿ ಹಾಕಸ್ತಿದ್ರು. ನಮ್ಮ ಕ್ವಾರಂಟೈನ್ ಇದ್ದಂಗ ಅಲ್ಲೇನು?

ಆಗ ನಮ್ಮ ಈ ನಾಕೂ ಊರು ಒಂದ ಆಡಳಿತದಾಗ ಇರಲಿಲ್ಲ ಅನ್ನೋದನ್ನ ನೆನಪಿಡ್ರಿ. ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರು ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲಾದಾಗ. ಸವಣೂರು ನವಾಬರದು. ಮಾಸೂರು ದಾಟಿದ್ರ ಶಿಕಾರಿಪುರ, ಅದು ಮೈಸೂರು ಮಹಾರಾಜರ ಸೀಮಿ. ಈಗ ಜಿಲ್ಲಾ ಗಡಿ ಅಂತೀವಲ್ಲ, ಆಗ ಅದು ರಾಜ್ಯದ ಗಡಿ. ಹಿರೇಕೆರೂರಿಗೆ ಕೊಟ್ಟ ಶಿಕಾರಿಪುರದ ಹುಡುಗಿಗೆ ತವರು ಪರದೇಶ ಇದ್ದಂಗ. 1898ರಾಗ ಹುಬ್ಬಳ್ಳಿಯೊಳಗ ಪ್ಲೇಗು ಜೋರಾತು, ಅದ ವರ್ಷ ಆಗಸ್ಟ್‌ದಾಗ ಬೆಂಗಳೂರಿಗೂ ಮುಟ್ಟಿತು. ಎರಡೂ ಕಡೆ ಬೆಂಕಿ, ನಾವು ನಡುವ. ಊರಾಗ ಇಲಿ ಬಿದ್ವು ಅಂದ ಕೂಡಲೆ ಮಂದಿ ಮನಿಗೆ ಕೀಲಿ ಹಾಕಿ ಹೊಲದಾಗ ಗುಡಸಲಾ ಹಾಕ್ಕೊಂಡು ತಿಂಗಳಾನುಗಟ್ಟಲೆ ಇರತಿದ್ರು. ಬಾಣಂತನನೂ ಅಲ್ಲೇ, ಬೀಸೋದು ಕುಟ್ಟೋದೂ ಅಲ್ಲೇ. ನಮ್ಮ ಮುತ್ತವ್ವ ಅಂತಾ ಗುಡಸಲದಾಗ ಹುಟ್ಟಿದಾಕಿ. ಆಕಿ ಅವ್ವಗ ತವರಿಂದ ಯಾರೂ ಬರಲಿಲ್ಲ, ಯಾಕಂದ್ರ ಬ್ಯಾನಿ ಊರಿನ ಮಂದೀನ ಹತ್ತಿಸ್ಕೋಬ್ಯಾಡ ಅಂತ ಎರಡೂ ದಂಡಿಯವರು ಅಂಬಿಗಗ ತಾಕೀತು ಮಾಡಿದ್ರಂತ. ಅಂಬಿಗ ಕೊಬ್ಬರಿ, ಬೆಲ್ಲ, ಅಳವಿ ಕಾಳಿನ ಗಂಟು ಒಂದನ್ನ ಹರಗೋಲಿನಾಗ ತಂದು ದಂಡಿ ಮ್ಯಾಲೆ ಇಟ್ಟು ದೂರ ಸರದು ನಿಂತ. ಬಾಣಂತಿ ಗಂಡ ಅದನ್ನ ತಗೊಂಡ. ಹರಗೋಲು ದಾಟಿತು, ತವರವರು ದಾಟಲಿಲ್ಲ.

ಅದ 1898ರಾಗ ಹುಬ್ಬಳ್ಳಿಯೊಳಗ ಸಾವಿರಾರು ಮಂದಿಗೆ ಹಾಫ್‌ಕಿನ್ ಅನ್ನೋ ವಿಜ್ಞಾನಿ ಕಂಡುಹಿಡಿದ ಪ್ಲೇಗಿನ ಸೂಜಿ ಹಾಕಿದ್ರು. ಅಂವಾ ಆ ಸೂಜಿ ಮೊದಲ ಚುಚ್ಕೊಂಡಿದ್ದು ತನಗ, 1897ರ ಜನವರಿ 10ಕ್ಕ. ಸೂಜಿ ಅಂದ್ರ ನಮ್ಮ ಮಂದಿ ಹೆದರಿ ಓಡೋದು ಹೊಸಾದಲ್ಲ, ಹಂಗಂತ ಹಾಕಸ್ಕೊಂಡವರೂ ಕಡಿಮಿ ಇರಲಿಲ್ಲ. 1918ರ ಇನ್‌ಫ್ಲುಯೆಂಜಾದ ಕಥಿ ನಮ್ಮ ಮನ್ಯಾಗ ಉಳದಿಲ್ಲ. ಹೇಳೋ ವಯಸ್ಸಿನವರನ್ನ ಅದ ಹೊತ್ಕೊಂಡು ಹೋಗಿತ್ತು.

ಈಗ ನಮ್ಮ ಕಾಲಕ್ಕ ಬರೂಣು. ನೆನಪೈತಿಲ್ಲ ವೈನಿ, 2020ರ ಯುಗಾದಿ? ಮಾರ್ಚ್ 25. ಅವತ್ತ ಲಾಕ್‌ಡೌನ್ ಚಾಲೂ ಆತು. ಅದಕ್ಕಿಂತ ಎರಡು ತಿಂಗಳು ಮೊದಲ ಸವಣೂರು ಚಿಗವ್ವ ಒಂದು ಹಳೇ ಪಟ್ಟಿ ತಗದು ಸಿಗಂದೂರಿಗೆ ಹೋಗಾಕ ತಲಿಗೆ ನೂರು, ನೂರು ಅಂತ ಕೂಡಸಾಕ ಹತ್ತಿದ್ಲು. ಹಿರೇಕೆರೂರು ದೊಡ್ಡವ್ವಂದು ಚೌಡೇಶ್ವರಿಗೆ ಹರಕಿ ಇತ್ತು ಅನ್ನೋದು ಹೆಸರಿಗೆ. ಖರೇ ಆಸೆ ಲಾಂಚಿಂದು. ನೀರಿನ ಮ್ಯಾಲೆ ಬಸ್ಸು ಹೊತ್ಕೊಂಡು ಹೋಗೋದನ್ನ ಎಪ್ಪತ್ತಾರು ವರ್ಷದಾಗ ನೋಡಿಲ್ಲ ಅಂತ ಆಕಿ ಹಟ. 1964ರಾಗ ಲಿಂಗನಮಕ್ಕಿ ಡ್ಯಾಮ್ ಕಟ್ಟಿದ ಮ್ಯಾಲೆ ಶರಾವತಿ ಹಿನ್ನೀರು ಊರು ನುಂಗಿ, ಉಳದ ಊರಿನವರು ನಡುಗಡ್ಡಿಯೊಳಗ ಸಿಕ್ಕಂಗಾದ್ರು. ಅವರಿಗಂತ ಅಂಬಾರಗೋಡ್ಲಿಂದ ಕಳಸವಳ್ಳಿಗೆ ಲಾಂಚು. ಬ್ಯಾಸಗಿಗೆ ನೀರು ಇಳದ್ರ ಗಾಡಿ ಹತ್ತಿಸೂದಿಲ್ಲ, ಅದಕ್ಕ ಯುಗಾದಿಗೆ ಹೋಗೂಣು, ತಡಾ ಬ್ಯಾಡ ಅಂತ ಲೆಕ್ಕ ಹಾಕಿದ್ವಿ. ಹೋಗಲಿಲ್ಲ ಬಿಡ್ರಿ.

ಆಗ ಹಾವೇರಿ ಜಿಲ್ಲಾ ಹಸರು ವಲಯ ಅಂತ ಹೆಮ್ಮಿ. ಮೇ ಮೊದಲನೇ ವಾರ ಸವಣೂರಿನ್ಯಾಗನ ಜಿಲ್ಲಾದ ಮೊದಲ ಕೇಸು ಬಂತು, ಚಿಗವ್ವನ ಓಣಿಯೊಳಗ ಬಾಗಲಾ ತಗಿಯಾಕೂ ಹೆದರಿದ್ರು. ಜಿಲ್ಲಾ ದಾಟಾಕ ಸೇವಾಸಿಂಧು ಪಾಸು. ಪಾಸಿಗೆ ಕಾರಣ ಬರೀಬೇಕು: ಸಾವು, ದವಾಖಾನಿ. 'ಅಕ್ಕ-ತಂಗೇರು ಲಾಂಚು ನೋಡಬೇಕಾಗೈತಿ' ಅಂತ ಯಾರು ಬರೀತಾರ? ಕಾಯ್ದೆನೂ ಅದ 1897ರದು, 2005ರ ವಿಪತ್ತು ನಿರ್ವಹಣಾ ಕಾಯ್ದಿ ಜೋಡಿ ಕೂಡಿತ್ತು.

ಮುಂದ ಜೂನ್‌ದಾಗ ದಾರಿ ತಗದ್ರು, ಆದ್ರ ನಮಗ ಧೈರ್ಯ ಬರಲಿಲ್ಲ. ನೀರು ಛಲೋ ಇದ್ದ ಆ ಚಳಿಗಾಲದಾಗ ಹೋಗಬಹುದಿತ್ತು, ಅಷ್ಟರಾಗ ಚಿಗವ್ವನ ಸೊಸಿ ಬಾಣಂತನ ಬಂತು. 'ಯುಗಾದಿ ಆದ ಮ್ಯಾಲೆ' ಅಂದ್ಲು. 2021ರ ಯುಗಾದಿ ಆದ ಎರಡು ವಾರಕ್ಕ, ಏಪ್ರಿಲ್ 27ಕ್ಕ, ಮತ್ತ ಬಂದ್. ಮೇ 10ರಿಂದ ಪೂರಾ ಲಾಕ್‌ಡೌನ್. ಅದ ಮೇದಾಗ ಚಿಗವ್ವ ಹೋದ್ಲು. ಮಾರಿ ನೋಡಾಕ ಬಿಡಲಿಲ್ಲ. ನಾವು ನಾಕೂ ಊರಿನವರು ನಮ್ಮ ನಮ್ಮ ಮನ್ಯಾಗ ಕುಂತು ಫೋನಿನ್ಯಾಗ ಅತ್ತಿವಿ. ದೊಡ್ಡವ್ವಗ ಫೋನು ಹಿಡಿಯಾಕ ಬರೂದಿಲ್ಲ, ಮೊಮ್ಮಗ ಕಿವಿಗೆ ಹಿಡದಿದ್ದ.

ಜೂನ್ 14ಕ್ಕ 19 ಜಿಲ್ಲಾಕ್ಕ ಸಡಿಲ ಮಾಡಿದ್ರು, ನಮ್ಮ ಹಾವೇರಿ ಅದರಾಗ ಇತ್ತು. ಬ್ಯಾನಿ ಇಳೀದ 11 ಜಿಲ್ಲಾ ಹಂಗ ಬಂದ್, ಅದರಾಗ ಶಿವಮೊಗ್ಗ, ದಾವಣಗೆರೆ. ಅಂದ್ರ ಮಾಸೂರು ತನಕ ದಾರಿ ಬಿಚ್ಚೇತಿ, ಮುಂದ ಇಲ್ಲ. ಅದನ್ನ ಕೇಳಿದ ದೊಡ್ಡವ್ವ "ಹಂಗಾರ ಮೈಸೂರು ಸೀಮಿ ತಿರುಗಿ ಬಂತನು?" ಅಂದ್ಲು. ನಾ ಈ ಇತಿಹಾಸ ಹುಡುಕಾಕ ಹತ್ತಿದ್ದು ಆ ಒಂದ್ ಮಾತಿಗೆ.

ಮಾಸೂರು ತನಕ ಬಿಚ್ಚೇತಿ ಅಂದ ಮ್ಯಾಲೆ ಮದಗದ ಕೆರಿಗರ ಕರ್ಕೊಂಡು ಹೋಗ್ರಿ ಅಂದ್ಲು. ವಿಜಯನಗರದವರ ಕಾಲಕ್ಕ ಗುಡ್ಡದ ಸಂದಿನಾಗ ಕುಮುದ್ವತಿ ಹೊಳಿಗೆ ಅಡ್ಡ ಏರಿ ಹಾಕಿ ಕಟ್ಟಿದ ಕೆರಿ ಅದು. ಏರಿ ಒಡದ ಮ್ಯಾಲೆ ಬ್ರಿಟಿಷರ ಕಾಲದಾಗ ಒಂದು ಭಾಗನಷ್ಟ ರಿಪೇರಿ ಮಾಡಿದ್ರು. ಮಾಯದಂಥ ಮಳಿ ಬಂದ ಆ ಜನಪದ ಹಾಡು ನಮ್ಮ ಕೆರೀದು ಅಂತ ಹಿರೇಕೆರೂರಿನವರು, ತಮ್ಮದು ಅಂತ ಕಡೂರಿನವರು. ನಾನಂತೂ ಹಿರೇಕೆರೂರಿನ ಪಕ್ಷ, ದೊಡ್ಡವ್ವನ ಅನ್ನ ಉಂಡೀನಿ. ಆದ್ರ ಅವಾಗ ಹೋಗಾಕ ಆಗಲಿಲ್ಲ. ಬಸ್ಸಿಲ್ಲ, ಬಾಡಗಿ ಗಾಡ್ಯಾಗ ಇಬ್ಬರ, ಮಧ್ಯಾಹ್ನ ಎರಡಕ್ಕ ಅಂಗಡಿ ಬಂದ್, ಸಂಜಿ ಏಳಕ್ಕ ಕರ್ಫ್ಯೂ.

ಜುಲೈ 5ರಿಂದ ಗುಡಿಯೊಳಗ ಬರೇ ದರ್ಶನ. ನಾವು ಅವಸರ ಮಾಡಲಿಲ್ಲ. ಎಲ್ಲಾರೂ ಎರಡೂ ಸೂಜಿ ಹಾಕಸ್ಕೊಳ್ಳೋ ತನಕ ಹೊರಡೂದಿಲ್ಲ ಅಂತ ಶಿಗ್ಗಾಂವಿ ವೈನಿ ಹಟಾ ಹಿಡದ್ರು. ಮಳಿಗಾಲ ಮುಗದು ಹಿನ್ನೀರು ತುಂಬಿ ನಿಂತಿರಬೇಕು, ಗಾಳಿ ಕಡಿಮಿ ಇರಬೇಕು, ಬ್ಯಾನಿ ಇಳದಿರಬೇಕು. ಮೂರೂ ಕೂಡಿದ್ದು ಕಾರ್ತೀಕದಾಗ, ನವೆಂಬರಿಗೆ. ಹನ್ನೆರಡು ಸೀಟಿನ ಗಾಡಿಗೆ ಒಂಬತ್ತ ಮಂದಿ, ಕಿಡಕಿ ಎಲ್ಲಾ ತಗದು. ಹೋಟೆಲ್ಲಿಗೆ ಹೋಗಬಾರದು ಅಂತ ಬುತ್ತಿ ಕಟ್ಟಿದ್ವಿ: ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೊಸರು ಬುತ್ತಿ, ಸವಣೂರು ಖಾರ. ಖಾರ ಮಾತ್ರ ಚಿಗವ್ವನ ಸೊಸಿ ತಂದಿದ್ಲು, ಜೋಡಿ ಆ ಹಳೇ ಪಟ್ಟಿನೂ. ಚಿಗವ್ವ ಕೂಡಿಸಿದ ರೊಕ್ಕದಾಗ ಒಂದು ಪೈಸೆ ಮುಟ್ಟಿರಲಿಲ್ಲ.

ಲಾಂಚಿನಾಗ ಮುಕ್ಕಾಲು ಮಂದಿ ನಮ್ಮಂಗ ದೇವರಿಗೆ ಹೊಂಟವರು. ತುಮರಿ ಕಡೆಯಾಕಿ ಒಬ್ಬಾಕಿ ಕೂಸು ಕಟ್ಕೊಂಡು ಸಾಗರದ ದವಾಖಾನಿಯಿಂದ ತಿರುಗಿ ಹೊಂಟಿದ್ಲು. "ನಿಮಗೆ ಇದು ಮಜಾ, ನಮಗೆ ಕಡೇ ಲಾಂಚ್ ತಪ್ಪಿದ್ರೆ ರಾತ್ರಿಯೆಲ್ಲ ಈ ದಡದಲ್ಲೇ" ಅಂತ ಅವರ ಕಡೆಯ ಭಾಷಾದಾಗ ಹೇಳಿದ್ಲು, ಸಿಟ್ಟಿಲೆ ಅಲ್ಲ. ದೊಡ್ಡವ್ವ ಬಸ್ಸು ನೋಡೋದು ಬಿಟ್ಟು ಆಕಿ ಜೋಡಿ ಮಾತಿಗೆ ಕುಂತ್ಲು. ಹೆರಿಗಿ ಬ್ಯಾನಿ ರಾತ್ರಿ ಬಂದ್ರ ಏನ್ ಮಾಡ್ತೀರಿ, ಬಾಣಂತಿ ಸಾಮಾನು ಹೆಂಗ ತರ್ತೀರಿ ಅಂತ ಒಂದಾದ ಮ್ಯಾಲೊಂದು. ಕಳಸವಳ್ಳಿ ಬಂದಿದ್ದ ಗೊತ್ತಾಗಲಿಲ್ಲ ಆಕಿಗೆ. ಬರೋವಾಗ ಮಾತ್ರ ಕಟಕಟಿ ಹಿಡಕೊಂಡು ನಿಂತು ನೀರು ನೋಡಿದ್ಲು. ನಾವು ಬಂದ ಮುಂದಿನ ತಿಂಗಳನ ಓಮಿಕ್ರಾನ್ ಸುದ್ದಿ ಬಂತು, ಜನವರಿಗೆ ಮತ್ತ ವಾರದ ಕೊನೆ ಕರ್ಫ್ಯೂ.

2023ರ ಜೂನ್‌ದಾಗ ಶಕ್ತಿ ಯೋಜನಾ ಬಂದ ಮ್ಯಾಲೆ ನಮ್ಮ ಹೆಣ್ಣಮಕ್ಕಳು ಬಸ್ ತುಂಬಿ ಸಿಗಂದೂರಿಗೆ ಹೋದ್ರು, ಲಾಂಚಿನ ದಂಡಿ ಮ್ಯಾಲೆ ಕಾಲಿಡಾಕ ಜಾಗ ಇರಲಿಲ್ಲ ಅಂತ ಕೇಳೀರಿ. 2025ರ ಜುಲೈ 14ಕ್ಕ ಅಲ್ಲಿ ಸೇತುವೆ ಚಾಲೂ ಆತು, ಎರಡು ಕಿಲೋಮೀಟರಿಗಿಂತ ಉದ್ದ. ಟೀವಿಯೊಳಗ ಅದನ್ನ ತೋರಿಸಾಕ ಹತ್ತಿದಾಗ ದೊಡ್ಡವ್ವ ನನಗ ಫೋನ್ ಹಚ್ಚಿಸಿ, ಆ ಕೂಸಿನ ಅವ್ವಗ ಛಲೋ ಆತು ಬಿಡವ್ವ ಅಂದ್ಲು. ಆಮ್ಯಾಲೆ, ಪಟ್ಟಿಯೊಳಗ ಇನ್ನ ಮುನ್ನೂರಾ ನಲವತ್ತು ಉಳದೈತಿ, ಕೂಡಲಕ್ಕ ಸಂಕ್ರಮಣಕ್ಕ ಎಷ್ಟು ಮಂದಿ ಆಗ್ತೀರಿ ಈಗ ಹೇಳ್ರಿ ಅಂದ್ಲು.