ಸಿನಿಮಾಸ್ಕೋಪ್

ಎತ್ತರಕ್ಕಿಂತ ಅಗಲ ಸುಮಾರು 2.35 ಪಟ್ಟು ಇರುವ ಚಿತ್ರ. ಗ್ರೀಕಿನ ‘ಚಲನೆ’ ಮತ್ತು ‘ನೋಡು’ ಎಂಬರ್ಥದ ಮೂಲಗಳಿಂದ ಕಟ್ಟಿದ ಹೆಸರು. ಫ್ರಾನ್ಸಿನ ಆನ್ರಿ ಕ್ರೆತಿಯೆನ್ ರೂಪಿಸಿದ ಮಸೂರ ದೃಶ್ಯವನ್ನು ಫಿಲ್ಮಿನಲ್ಲಿ ಅಡ್ಡಕ್ಕೆ ಕುಗ್ಗಿಸುತ್ತದೆ; ಪ್ರೊಜೆಕ್ಟರಿನ ಮಸೂರ ಅದನ್ನು ಮತ್ತೆ ಹಿಗ್ಗಿಸುತ್ತದೆ. 1953ರಲ್ಲಿ ಫಾಕ್ಸ್ ಸಂಸ್ಥೆಯ ‘ದಿ ರೋಬ್’ ಈ ಹೆಸರನ್ನು ಜಗತ್ತಿಗೆ ಪರಿಚಯಿಸಿತು. ಕನ್ನಡದ ಮೊದಲ ಸಿನಿಮಾಸ್ಕೋಪ್ ಚಿತ್ರ 1977ರ ‘ಸೊಸೆ ತಂದ ಸೌಭಾಗ್ಯ’. ಆಡುಮಾತಿನಲ್ಲಿ ಪದ ‘ಸ್ಕೋಪ್’ ಎಂದು ಮೊಟಕಾಯಿತು.

ಹಳ್ಳಿಯಾಗಲಿ ಬೆಂಗಳೂರಾಗಲಿ, ಇಂದು ಮನೆಗಳಲ್ಲಿರುವ ಟಿವಿ ಸಾಮಾನ್ಯವಾಗಿ 16:9 ಅಳತೆಯದು. ಅದರಲ್ಲಿ ಸ್ಕೋಪ್ ಚಿತ್ರ ಹಾಕಿದಾಗ ಮೇಲೂ ಕೆಳಗೂ ಸೇರಿ ಪರದೆಯ ಸುಮಾರು ಕಾಲು ಭಾಗ ಕಪ್ಪಾಗಿರುತ್ತದೆ. ಅದು ದೋಷವಲ್ಲ. ಪರದೆ ತುಂಬಲೆಂದು ‘ಜೂಮ್’ ಒತ್ತಿದರೆ ಎರಡೂ ಅಂಚಿನ ದೃಶ್ಯ ಕತ್ತರಿಸಿಹೋಗುತ್ತದೆ. ಕಪ್ಪು ಪಟ್ಟಿಗಳನ್ನು ಹಾಗೆಯೇ ಬಿಡಿ, ಚಿತ್ರವನ್ನು ಪೂರ್ತಿಯಾಗಿ ನೋಡಿ.