ಗಲ್ಲಾಪೆಟ್ಟಿಗೆಯ ಕಣ್ಣು

ನಾನು ದಿನವೂ ಕಾಫಿ ಕುಡಿಯುವ ಹೋಟೆಲೊಂದು ನಮ್ಮ ಬಡಾವಣೆಯ ಮೂಲೆಯಲ್ಲುಂಟು. ಅದರ ಯಜಮಾನರು ಕುಳಿತುಕೊಳ್ಳುವ ಜಾಗವನ್ನು ನೀವು ನೋಡಬೇಕು. ಗಲ್ಲಾಪೆಟ್ಟಿಗೆಯ ಹಿಂದಿನ ಆ ಎತ್ತರದ ಕುರ್ಚಿಯಿಂದ ಅಡಿಗೆಮನೆಯ ಬಾಗಿಲು, ಅಷ್ಟೂ ಮೇಜುಗಳು, ಕೈತೊಳೆಯುವ ಜಾಗ, ಹೊರಗಿನ ಬೀದಿ ಎಲ್ಲವೂ ಕಾಣುತ್ತವೆ. ಬಿಲ್ಲು ಕೊಡದೆ ಜಾರುವವರು ಯಾರು, ಗೋಡೆಗೊರಗಿ ನಿಂತ ಮಾಣಿ ಯಾರು ಎಂಬುದು ಅವರಿಗೆ ಕುಳಿತಲ್ಲಿಯೇ ಗೊತ್ತು.

ಹೋದ ತಿಂಗಳು ನನ್ನ ತಂಗಿಯ ಮಗ ತಾನು ಇಂಜಿನಿಯರಾಗಿರುವ ಕಾರ್ಖಾನೆಗೆ ನನ್ನನ್ನು ಕರೆದೊಯ್ದ. ಯಂತ್ರಗಳನ್ನು ನೋಡುವ ಆಸೆಯಿಂದ ಹೋದವನಿಗೆ ಅವನು ಮೊದಲು ತೋರಿಸಿದ್ದು ತಣ್ಣಗಿನ ಒಂದು ಕೋಣೆ. ಗೋಡೆಯ ತುಂಬ ಪರದೆಗಳು. ಒಂದೊಂದರಲ್ಲೂ ಒಂದೊಂದು ಕ್ಯಾಮರಾ ಕಂಡ ನೋಟ. ಕುಲುಮೆಯ ಬಾಯಿ, ಕನ್ವೇಯರ್ ಬೆಲ್ಟು, ಲಾರಿಗಳ ಸಾಲು. ಇಬ್ಬರು ಹುಡುಗರು ಕುಳಿತು ಇಡೀ ಕಾರ್ಖಾನೆಯ ಮೇಲೆ ಕಣ್ಣಿಟ್ಟಿದ್ದರು. “ನೋಡಿ ಮಾವ, ಇಲ್ಲಿಂದ ಕಾಣದ್ದು ಏನೂ ಇಲ್ಲ” ಎಂದ ನಮ್ಮ ಹುಡುಗ. ನನಗೆ ತಟ್ಟನೆ ಗಲ್ಲಾಪೆಟ್ಟಿಗೆಯ ನೆನಪಾಯಿತು. ಒಂದೆಡೆ ಕುಳಿತು ಎಲ್ಲವನ್ನೂ ಕಾಣುವ ಈ ಆಸೆಗೆ ಇನ್ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ.

1786ರ ಸುಮಾರಿಗೆ ಸ್ಯಾಮ್ಯುಅಲ್ ಬೆಂಥಮ್ ಎಂಬ ಇಂಗ್ಲಿಷ್ ಇಂಜಿನಿಯರು ರಷ್ಯದ ಪೊಟೆಮ್ಕಿನ್ ಪ್ರಭುವಿನ ಕ್ರಿಚೇವ್ ಜಹಗೀರಿನಲ್ಲಿ ಕಾರ್ಖಾನೆಗಳನ್ನು ನೋಡಿಕೊಳ್ಳುತ್ತಿದ್ದ. ಕೆಲಸಗಾರರು ಹಲವರು, ಮೇಲ್ವಿಚಾರಕರು ಕೆಲವರು. ದುಂಡಗಿನ ಕಟ್ಟಡ ಕಟ್ಟಿ ನಟ್ಟನಡುವೆ ಒಬ್ಬನನ್ನು ಕೂರಿಸಿದರೆ ಅವನೊಬ್ಬನೇ ಎಲ್ಲರನ್ನೂ ಕಾಣಬಲ್ಲನೆಂದು ಅವನು ಯೋಚಿಸಿದ. 1787ರಲ್ಲಿ ತುರ್ಕಿಯೊಡನೆ ಯುದ್ಧ ಹತ್ತಿತು. ಅಲ್ಲಿ ಆ ಕಟ್ಟಡ ಏಳಲಿಲ್ಲ. ಆದರೆ ತಮ್ಮನನ್ನು ನೋಡಲು ಹೋಗಿದ್ದ ತತ್ತ್ವಜ್ಞಾನಿ ಜೆರೆಮಿ ಬೆಂಥಮ್ ಅದೇ ಯೋಚನೆಯನ್ನು ಸೆರೆಮನೆಗೆ ಹೊಂದಿಸಿ, 1791ರಲ್ಲಿ ‘ಪ್ಯಾನಾಪ್ಟಿಕನ್’ ಎಂಬ ಪುಸ್ತಕವನ್ನು ಪ್ರಕಟಿಸಿದ. ಕಾರ್ಖಾನೆಗೆಂದು ಹುಟ್ಟಿದ ಕಣ್ಣು ಸೆರೆಮನೆಯ ಕಣ್ಣೆಂದು ಹೆಸರಾಯಿತು. ಈ ನಂಟನ್ನು ವಾಚಕರು ಮರೆಯಬಾರದು.

ಕ್ಯಾಮರಾ ಬಂದದ್ದು ಆಮೇಲೆ. 1912ರಲ್ಲಿ ಅಮೆರಿಕದ ಫ್ರಾಂಕ್ ಮತ್ತು ಲಿಲಿಯನ್ ಗಿಲ್‌ಬ್ರೆತ್ ದಂಪತಿಗಳು ಪ್ರಾವಿಡೆನ್ಸ್ ನಗರದ ಕಾರ್ಖಾನೆಯೊಂದರಲ್ಲಿ, ಪಕ್ಕದಲ್ಲಿ ಗಡಿಯಾರವನ್ನಿಟ್ಟು, ಕೆಲಸಗಾರರ ಕೈಗಳ ಚಲನೆಯನ್ನು ಚಲಚ್ಚಿತ್ರವಾಗಿ ಹಿಡಿದರು. ವ್ಯರ್ಥ ಚಲನೆ ತಗ್ಗಿದರೆ ದಣಿವೂ ತಗ್ಗುವುದೆಂದು ಅವರ ವಾದ. 1942ರಲ್ಲಿ ಜರ್ಮನಿಯ ಪೇನೆಮ್ಯುಂಡೆಯಲ್ಲಿ ವಾಲ್ಟರ್ ಬ್ರುಖ್ ವಿ-2 ರಾಕೆಟ್ಟಿನ ಉಡಾವಣೆಯನ್ನು ದೂರದಲ್ಲಿ ಕುಳಿತೇ ನೋಡಲು ಕ್ಯಾಮರಾ ಮತ್ತು ತಂತಿಯ ಏರ್ಪಾಡು ಮಾಡಿದ. ಉದ್ದೇಶ ಯುದ್ಧದ್ದು, ನಿಜ. ಆದರೆ ಅಪಾಯವಿರುವಲ್ಲಿಗೆ ಕಣ್ಣನ್ನು ಮಾತ್ರ ಕಳುಹಿಸಿ ದೇಹವನ್ನು ಉಳಿಸಿಕೊಳ್ಳುವ ದಾರಿ ತೆರೆಯಿತು. ಕುಲುಮೆಯ ಮುಂದೆ ಬೆಂದವರಿಗೆ ಇದು ಸಣ್ಣ ಉಪಕಾರವಲ್ಲ.

ನಡುವೆ ಕುಳಿತವನು ಕಾಣುವುದು ಯಾರಿಗಾಗಿ? ಈ ಪ್ರಶ್ನೆಗೆ ಚಿಲಿ ದೇಶ ಬೇರೊಂದು ಉತ್ತರವನ್ನು ಹುಡುಕಿತು. 1971ರಲ್ಲಿ ಅಧ್ಯಕ್ಷ ಅಯೆಂದೆಯವರ ಸರ್ಕಾರ ಅನೇಕ ಉದ್ಯಮಗಳನ್ನು ರಾಷ್ಟ್ರದ ಸೊತ್ತಾಗಿ ಮಾಡಿಕೊಳ್ಳುತ್ತಿತ್ತು. ಅವನ್ನು ನಡೆಸುವ ಬಗೆ ಹೇಗೆಂದು ಫರ್ನಾಂಡೊ ಫ್ಲೋರೆಸ್ ಎಂಬ ತರುಣ ಇಂಜಿನಿಯರು ಇಂಗ್ಲೆಂಡಿನ ಸ್ಟಾಫರ್ಡ್ ಬಿಯರ್ ಅವರಿಗೆ ಕಾಗದ ಬರೆದರು. ‘ಸೈಬರ್‌ಸಿನ್’ ಯೋಜನೆ ಹುಟ್ಟಿದ್ದು ಹೀಗೆ. ಕಾರ್ಖಾನೆಗಳ ಅಂಕಿಗಳು ಟೆಲೆಕ್ಸ್ ಮೂಲಕ ರಾಜಧಾನಿ ಸಾಂಟಿಯಾಗೊಗೆ ಬರಬೇಕು. ಅಲ್ಲಿ ಆರು ಮೂಲೆಯ ಕೋಣೆ, ಏಳು ಕುರ್ಚಿ, ಗೋಡೆಯಲ್ಲಿ ಪರದೆ. ಪರದೆಯ ಮೇಲೆ ಮೂಡುತ್ತಿದ್ದ ನಕ್ಷೆಗಳಾದರೋ ಕೈಯಲ್ಲಿ ಬರೆದ ಸ್ಲೈಡುಗಳು! ಒಂದು ನಿಯಮ ಮಾತ್ರ ಮೆಚ್ಚುವಂಥದು: ಅಂಕಿ ಏರುಪೇರಾದರೆ ಮೊದಲ ಸುದ್ದಿ ಆ ಕಾರ್ಖಾನೆಗೇ ಹೋಗಬೇಕು, ಗೊತ್ತಾದ ಅವಧಿಯಲ್ಲಿ ಅದು ಸರಿಪಡಿಸಿಕೊಳ್ಳದಿದ್ದರೆ ಮಾತ್ರ ಮೇಲಿನವರಿಗೆ. 1972ರ ಅಕ್ಟೋಬರಿನಲ್ಲಿ ಲಾರಿ ಮಾಲೀಕರು ಮುಷ್ಕರ ಹೂಡಿದಾಗ, ಉಳಿದ ಲಾರಿಗಳಲ್ಲೇ ಸಾಮಾನು ಸಾಗಿಸಲು ಆ ಟೆಲೆಕ್ಸ್ ಜಾಲ ನೆರವಾಯಿತು. 1973ರ ಸೆಪ್ಟೆಂಬರ್ 11ರಂದು ಸೈನ್ಯ ಅಧಿಕಾರ ಕಸಿದುಕೊಂಡಿತು. ಅಯೆಂದೆ ಮಡಿದರು, ಯೋಜನೆಯೂ ಮುಗಿಯಿತು.

ಇನ್ನೊಂದು ಪ್ರಶ್ನೆ ಉಳಿಯುತ್ತದೆ. ನಡುವೆ ಕುಳಿತವನಿಗೆ ಕಂಡದ್ದು ನಿಜವೇ? 1979ರ ಮಾರ್ಚ್ 28ರ ಬೆಳಗಿನ ಜಾವ, ಅಮೆರಿಕದ ಪೆನ್ಸಿಲ್ವೇನಿಯದ ತ್ರೀ ಮೈಲ್ ಐಲೆಂಡ್ ಅಣುವಿದ್ಯುತ್ ಸ್ಥಾವರದಲ್ಲಿ ಒತ್ತಡ ಇಳಿಸಲೆಂದು ತೆರೆದ ಕವಾಟವೊಂದು ಮುಚ್ಚಿಕೊಳ್ಳದೆ ಸಿಕ್ಕಿಕೊಂಡಿತು. ನಿಯಂತ್ರಣ ಕೋಣೆಯ ದೀಪ ಮಾತ್ರ ಮುಚ್ಚಿದೆಯೆಂಬಂತೆ ತೋರಿಸುತ್ತಿತ್ತು. ಆ ದೀಪಕ್ಕೆ ತಿಳಿದಿದ್ದುದು ‘ಮುಚ್ಚು’ ಎಂಬ ಅಪ್ಪಣೆ ಹೋಗಿದೆಯೆಂದಷ್ಟೆ. ಕವಾಟ ಅಪ್ಪಣೆ ಪಾಲಿಸಿತೇ ಎಂಬುದು ಅದಕ್ಕೆ ತಿಳಿಯದು. ಕೆಲವೇ ನಿಮಿಷಗಳಲ್ಲಿ ನೂರಕ್ಕೂ ಹೆಚ್ಚು ಎಚ್ಚರಿಕೆಯ ಗಂಟೆಗಳು, ದೀಪಗಳು ಒಟ್ಟಿಗೆ ಮೊಳಗಿ ಮಿನುಗಿದವು. ನೀರು ಸೋರಿ ಹೋಗುತ್ತಿದ್ದರೂ ಹೆಚ್ಚಾಗಿದೆಯೆಂದು ಬಗೆದು, ತಂಪು ಮಾಡುವ ನೀರನ್ನೇ ಅವರು ತಗ್ಗಿಸಿದರು. ಸೋರಿಕೆ ನಿಂತದ್ದು ಎರಡು ಗಂಟೆಗೂ ಮೀರಿದ ಮೇಲೆ. ಅಣುಗರ್ಭದ ಅರ್ಧದಷ್ಟು ಕರಗಿತು. ಅವರು ಕುರುಡರಲ್ಲ, ಸೋಮಾರಿಗಳೂ ಅಲ್ಲ. ಕಣ್ಣೆದುರಿನ ದೀಪವನ್ನು ನಂಬಿದವರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ತಣ್ಣಗಿನ ಆ ಕೋಣೆಯಿಂದ ಹೊರಡುವಾಗ ನಾನು ಹುಡುಗರಲ್ಲೊಬ್ಬನನ್ನು ಕೇಳಿದೆ: “ಇಲ್ಲಿಂದ ಕಾಣದ್ದು ನಿಜವಾಗಿಯೂ ಏನೂ ಇಲ್ಲವೇನಪ್ಪ?” ಅವನು ನಕ್ಕ. “ಉಂಟು ಸಾರ್. ಅದಕ್ಕೇ ಗಂಟೆಗೊಮ್ಮೆ ಒಬ್ಬರು ಕೆಳಗೆ ಹೋಗಿ ಸುತ್ತಿ ಬರುತ್ತೇವೆ. ಸುಟ್ಟ ವಾಸನೆ ಕ್ಯಾಮರಾಕ್ಕೆ ಗೊತ್ತಾಗುವುದಿಲ್ಲವಲ್ಲ.” ನನ್ನ ಸೋದರಳಿಯ ಮಾತಾಡಲಿಲ್ಲ.

ಮರುದಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಗಮನಿಸಿದೆ. ಹತ್ತು ಗಂಟೆಯ ಹೊತ್ತಿಗೆ ಯಜಮಾನರು ಗಲ್ಲಾಪೆಟ್ಟಿಗೆಗೆ ಬೀಗ ಹಾಕಿ ಎದ್ದರು. ಅಡಿಗೆಮನೆಗೆ ಹೋಗಿ, ಕೊಳದಪ್ಪಲೆಯಿಂದ ಒಂದು ತೊಟ್ಟು ಸಾರನ್ನು ಅಂಗೈಗೆ ಹಾಕಿಕೊಂಡು ರುಚಿ ನೋಡಿದರು. ಭಟ್ಟರಿಗೆ ಏನೋ ಹೇಳಿದರು. ಭಟ್ಟರೂ ಏನೋ ಹೇಳಿದರು. ಆಮೇಲೆ ಬಂದು ತಮ್ಮ ಎತ್ತರದ ಕುರ್ಚಿಯಲ್ಲಿ ಕುಳಿತರು.