ಜಮಾದಾರನ ಒಂದು ರೂಪಾಯಿ

1982ರ ಏಷ್ಯನ್ ಕ್ರೀಡಾಕೂಟಕ್ಕಾಗಿ ದೆಹಲಿಯಲ್ಲಿ ಕ್ರೀಡಾಂಗಣ, ಮೇಲ್ಸೇತುವೆಗಳು ಏಳುತ್ತಿದ್ದ ಕಾಲ. ಕನಿಷ್ಠ ದಿನಗೂಲಿ 9.25 ರೂಪಾಯಿ. ಆಳುಗಳನ್ನು ಕರೆತಂದ ಜಮಾದಾರ ತಲೆಗೊಂದು ರೂಪಾಯಿ ಮುರಿದುಕೊಂಡು 8.25 ಕೊಡುತ್ತಿದ್ದ. ಕೆಲಸ ಮಾಡಿಸುತ್ತಿದ್ದ ಸರ್ಕಾರಿ ಸಂಸ್ಥೆಗಳ ವಾದ: ಅವರು ಗುತ್ತಿಗೆದಾರರ ಆಳುಗಳು, ನಮ್ಮವರಲ್ಲ.

ದೂರು ಸುಪ್ರೀಂ ಕೋರ್ಟಿಗೆ ಹೋದದ್ದು ಒಂದು ಪತ್ರದ ರೂಪದಲ್ಲಿ. ನ್ಯಾಯಮೂರ್ತಿ ಪಿ.ಎನ್. ಭಗವತಿ ಆ ವಾದವನ್ನು ಒಪ್ಪಲಿಲ್ಲ. ಹಸಿವೂ ಒಂದು ಬಲವಂತವೇ. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿದರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ. (ಹಳಗನ್ನಡದಲ್ಲಿ ‘ಜೀತ’ ಎಂದರೆ ಸಂಬಳ!) ಗುತ್ತಿಗೆದಾರ ನಡುವೆ ಇದ್ದಾನೆಂದು ಹೊಣೆ ಕಳಚದು.

ದೊಡ್ಡ ಕಂಪನಿಗಳು ತಮ್ಮ ಪೂರೈಕೆದಾರರಲ್ಲಿ ಜೀತವಿಲ್ಲದಂತೆ ಏನು ಮಾಡಿದೆವೆಂದು ವರ್ಷವರ್ಷ ಹೇಳಬೇಕೆಂದು ಬ್ರಿಟನ್ ಕಾನೂನು ಮಾಡಿದ್ದು 2015ರಲ್ಲಿ. ಅಲ್ಲಿನ ಲೆಕ್ಕಪರಿಶೋಧಕ, ವಕೀಲ ಸಂಸ್ಥೆಗಳೂ ಈಗ ಹೇಳಿಕೆ ಬರೆಯುತ್ತವೆ. ಆದರೆ ಏಜೆನ್ಸಿಯ ಬಿಲ್ಲು ನೋಡಿದರೆ ಸಾಲದು. ಕಾವಲುಗಾರನ ಕೈಗೆ ಎಷ್ಟು ಬಂತೆಂದು ಅವನನ್ನೇ ಕೇಳಬೇಕು.